ಗಡಹಿಂಗ್ಲಜಕ್ಕೆ ತಲುಪದ ‘ನಕಾ’

ಹತ್ತಿಯ ನೂಲಿಗೆ ಬೆಂಕಿ ಬಿದ್ದು, ಅದು ಪೂರ್ತಿ ಉರಿಯುವ ಮೊದಲೇ ಮಳೆ ಸುರಿದರೆ ಏಳುವ ವಾಸನೆಯನ್ನು ನಾನು ಬೇರೆ ಯಾವುದಕ್ಕೂ ಹೋಲಿಸಲಾರೆ. ಕಳೆದ ಶ್ರಾವಣದಲ್ಲಿ ಇಚಲಕರಂಜಿಯ ಮಗ್ಗದ ಓಣಿಯೊಂದರಲ್ಲಿ ಯಾರೋ ಕೆಟ್ಟ ನೂಲಿನ ಗುಡ್ಡೆಗೆ ಕಡ್ಡಿ ಗೀರಿದ್ದರು. ಅಷ್ಟರಲ್ಲಿ ಮಳೆ ಬಂತು. ಪರಿಚಿತರ ಮನೆಯ ಸೀಮಂತಕ್ಕೆಂದು ಹೊರಟಿದ್ದ ನಾನು ಕೊಡೆ ಬಿಚ್ಚುವುದನ್ನೂ ಮರೆತು ನಿಂತೆ. ಜೊತೆಗಿದ್ದ ಹೆಂಡತಿ, “ಏನಾತ್ರಿ? ಎದಿ ನೋಯಾಕತ್ತೇತೇನು?” ಎಂದು ಗಾಬರಿಯಾದಳು. ಎದೆ ನೋಯುತ್ತಿರಲಿಲ್ಲ. ಸಾವಿರದ ಒಂಬೈನೂರ ಎಂಬತ್ತೆಂಟರ ಮಳೆಗಾಲ ಮೂಗಿನೊಳಗೆ ಹೊಕ್ಕಿತ್ತು.

ಆ ಮಳೆಗಾಲದಲ್ಲಿ ನಾನು ಇಚಲಕರಂಜಿಯ ಸಹಕಾರಿ ನೂಲಿನ ಗಿರಣಿಯೊಂದರಲ್ಲಿ ಕಾರ್ಮಿಕ ಕಲ್ಯಾಣ ಅಧಿಕಾರಿಯಾಗಿದ್ದೆ. ಕೊಲ್ಹಾಪುರದ ಕಾಲೇಜಿನಲ್ಲಿ ಮರಾಠಿ ಮತ್ತು ಕನ್ನಡ ಎರಡರಲ್ಲೂ ಚರ್ಚಾಸ್ಪರ್ಧೆಗಳನ್ನು ಗೆದ್ದವನು; ಮನುಷ್ಯರು ಕೈ ಎತ್ತುವುದು ಮಾತು ಸಾಲದಾದಾಗ ಮಾತ್ರ, ಆದ್ದರಿಂದ ಸಾಕಷ್ಟು ಮಾತನ್ನು ಸರಿಯಾದ ಕ್ರಮದಲ್ಲಿ ಒದಗಿಸಿದರೆ ಹಿಂಸೆಗೆ ಅವಕಾಶವೇ ಇರದು ಎಂದು ಪ್ರಾಮಾಣಿಕವಾಗಿ ನಂಬಿದ್ದವನು. ಕಾರ್ಮಿಕರು ನನ್ನನ್ನು ‘ಭಾಷಣ ಸಾಹೇಬ್ರು’ ಎನ್ನುತ್ತಿದ್ದರು. ಪಾಳಿ ಬದಲಾಗುವಾಗ ಗೇಟಿನಲ್ಲಿ ಎದುರಾದರೆ, “ಏನ್ರಿ ಭಾಷಣ ಸಾಹೇಬ್ರ, ಇವತ್ತ ಯಾವ ವಿಷಯ? ಪರಾನೋ, ವಿರೋಧಾನೋ?” ಎಂದು ಕೆಣಕುತ್ತಿದ್ದರು. ನಾನು ನಗುತ್ತಿದ್ದೆ. ನಗುವುದು ಜೂನ್ ತಿಂಗಳಿಗೆ ಮುಗಿಯಿತು.

ಜೂನ್ ತಿಂಗಳಲ್ಲಿ ಬೀರಪ್ಪನ ಬೆರಳು ಹೋದವು. ಬೀರಪ್ಪ ಗಡಹಿಂಗ್ಲಜದ ಆಚೆಯ ಗಡಿಹಳ್ಳಿಯವನು, ಕುರಿ ಕಾಯುವ ಮನೆತನದವನು; ಕುರಿಯನ್ನು ಅಣ್ಣತಮ್ಮಂದಿರ ಪಾಲಿಗೆ ಬಿಟ್ಟು ಗಿರಣಿಗೆ ಬಂದಿದ್ದ. ಅರಳೆಯನ್ನು ಹಿಕ್ಕುವ ಕಾರ್ಡಿಂಗ್ ಯಂತ್ರದ ಉರುಳೆಯ ಮೈತುಂಬ ಉಕ್ಕಿನ ಹಲ್ಲುಗಳಿರುತ್ತವೆ. ಆ ಉರುಳೆಗೆ ಮುಚ್ಚಳವಿರಲಿಲ್ಲ. ಸಿಕ್ಕಿದ ಅರಳೆಯನ್ನು ಬಿಡಿಸಲು ಹೋದ ಬಲಗೈಯ ಎರಡು ಬೆರಳು ಹಲ್ಲಿಗೆ ಸಿಕ್ಕಿ, ಬಿಳಿಯ ಅರಳೆಯ ಪದರ ಕೆಂಪಾಗಿ ಹೊರಬಂತು. ಯಂತ್ರ ನಿಲ್ಲಿಸುವ ಹೊತ್ತಿಗೆ ಆ ಕೆಂಪು ಪಟ್ಟಿ ಡಬ್ಬದೊಳಗೆ ಸುತ್ತಿಕೊಂಡು ಬೀಳುತ್ತಲೇ ಇತ್ತು. ವಿಚಾರಣೆಯಲ್ಲಿ ಗಿರಣಿಯ ಚೇರಮನ್ ಸಾಹೇಬರು ಮರಾಠಿಯಲ್ಲಿ ಒಂದು ಮಾತು ಹೇಳಿದರು: “ಯಂತ್ರ ತನ್ನ ಜಾಗ ಬಿಟ್ಟು ಬಂದಿಲ್ಲ. ಕೈ ಅದರ ಹತ್ತಿರ ಹೋಯಿತು.” ಆ ಮಾತು ಸಂಜೆಯ ಹೊತ್ತಿಗೆ ಗಿರಣಿಯ ಎಲ್ಲ ವಿಭಾಗಗಳಿಗೆ ತಲುಪಿತು. ಮರುದಿನ ಒಬ್ಬರೂ ಕೆಲಸಕ್ಕೆ ಬರಲಿಲ್ಲ. ಬೇಡಿಕೆ ಒಂದೇ: ಎಲ್ಲ ಉರುಳೆಗಳಿಗೂ ಮುಚ್ಚಳ.

ಮಳೆಯ ಜೊತೆಗೆ ಹೊಡೆದಾಟವೂ ಹಿಡಿದುಕೊಂಡಿತು. ಕೆಲಸಕ್ಕೆ ಹೋಗಲೆತ್ನಿಸಿದ ಮೇಸ್ತ್ರಿಯೊಬ್ಬನನ್ನು ಪಂಚಗಂಗೆಯ ದಂಡೆಯಲ್ಲಿ ಕೆಡವಿ, ನೂಲು ಸುತ್ತುವ ಕಟ್ಟಿಗೆಯ ಬಾಬಿನ್‌ಗಳಿಂದ ಬಾಯಿ ಜಜ್ಜಿದರು. ಅದಕ್ಕೆ ಉತ್ತರವಾಗಿ ಗಿರಣಿಯ ಕಾವಲಿನವರು ಧರಣಿಯ ಚಪ್ಪರಕ್ಕೆ ನುಗ್ಗಿ, ಸೈಕಲ್ ಚೈನಿನಿಂದ ಸಿಕ್ಕಸಿಕ್ಕವರ ಬೆನ್ನು ಹರಿದರು. ಎರಡು ಕಡೆಯವರ ಗಾಯಗಳನ್ನೂ ನಾನು ನೋಡಲು ಹೋಗುತ್ತಿದ್ದೆ, ಎರಡು ಕಡೆಯವರೂ ನನ್ನನ್ನು ಹೊರಹಾಕುತ್ತಿದ್ದರು. ಒಂದು ಮಧ್ಯಾಹ್ನ ಕಚೇರಿಯ ಕಿಟಕಿಗೆ ಕಲ್ಲುಗಳು ಬಂದವು. ಗಾಜು ಒಡೆದು, ಒಂದು ಕಲ್ಲು ಗಣಕಯಂತ್ರದ ಪರದೆಯನ್ನೇ ಹೊಕ್ಕಿತು. ಕೊಲ್ಹಾಪುರದ ಮುಖ್ಯ ಕಚೇರಿಯಿಂದ ಬೇರೊಂದು ಪರದೆ, ಬೇರೊಂದು ಕೀಲಿಮಣೆ ಬಂದವು. ಕೀಲಿಗಳ ಜಾಗ ಅದರಲ್ಲಿ ಅಷ್ಟಿಷ್ಟು ಬೇರೆಯಿತ್ತು. ಹೊಡೆದಾಟದ ಆ ದಿನಗಳಲ್ಲಿ ಕೀಲಿಗಳ ಜಾಗವನ್ನು ಯಾರು ಗಮನಿಸುತ್ತಾರೆ?

ಗಮನಿಸಿದವಳು ಸುನಂದಾ ಒಬ್ಬಳೇ. ದತ್ತವಾಡದ ಜೈನ ಒಕ್ಕಲು ಮನೆಯ ಹೆಣ್ಣುಮಗಳು. ಟೈಪಿಂಗ್ ಕಲಿತು ನಮ್ಮ ಕಚೇರಿಗೆ ಬಂದವಳು. ಇಚಲಕರಂಜಿ, ಕೊಲ್ಹಾಪುರ, ಗಡಹಿಂಗ್ಲಜದ ಗೋದಾಮು, ಈ ಮೂರೂ ಕಡೆ ಟೆಲಿಫೋನ್ ತಂತಿಯ ಮೂಲಕ ಸಂದೇಶ ಕಳಿಸುವ ವ್ಯವಸ್ಥೆಯೊಂದನ್ನು ಪುಣೆಯ ಒಂದು ಕಂಪನಿ ಮಾಡಿಕೊಟ್ಟಿತ್ತು. ಅದರ ಹೆಸರು ‘ನಿರೋಪ’, ಅಂದರೆ ಸಂದೇಶ. ಯಾರಿಗೆ ಎಂದು ಅದು ಕೇಳುತ್ತದೆ; ಹೇಳಿದ ಮೇಲೆ ಬರೆಯುವುದಕ್ಕಾಗಿ ಸಂಪಾದಕ ಎಂಬ ಇನ್ನೊಂದು ಪ್ರೋಗ್ರಾಂ ಅನ್ನು ಪರದೆಗೆ ಕರೆದು, ತಾನು ಹಿಂದೆ ಕಾಯುತ್ತದೆ; ಬರೆದು ಮುಗಿಸಿದರೆ ಆಚೆಯ ಊರಿನ ಮುದ್ರಕದಲ್ಲಿ ಕಾಗದ ಹೊರಬರುತ್ತದೆ. ಮರಾಠಿಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕಿತ್ತು. ಸುನಂದಾಳಿಗೆ ಅದು ಒಗ್ಗಿತ್ತು. ಇಚಲಕರಂಜಿಯ ಕರೆಂಟನ್ನು ಬಲ್ಲವಳಾದ್ದರಿಂದ ಒಂದೊಂದು ಸಾಲು ಮುಗಿದಾಗಲೂ ಬರೆದದ್ದನ್ನು ಉಳಿಸಿ, ಆಮೇಲೆ ಮುಂದಿನ ಸಾಲಿಗೆ ಹೋಗುತ್ತಿದ್ದಳು.

ಜುಲೈ ಕೊನೆಯ ಹೊತ್ತಿಗೆ ಎಲ್ಲ ಒತ್ತಡವೂ ಗಡಹಿಂಗ್ಲಜದ ಗೋದಾಮಿನ ಮೇಲೆ ಬಂದು ನಿಂತಿತು. ಒಳಗೆ ನೂಲು ತುಂಬಿದ ಲಾರಿಗಳು; ಹೊರಗೆ ಗೇಟಿಗೆ ಬೆನ್ನು ಹಚ್ಚಿ ಕುಳಿತ ಹಮಾಲರು. ಪೊಲೀಸರ ಬಂದೋಬಸ್ತಿನಲ್ಲಿ ಗೇಟು ತೆರೆದು ಲಾರಿ ಹೊರಡಿಸುವ ದಿನವನ್ನು ಚೇರಮನ್ ಸಾಹೇಬರು ಗೊತ್ತುಮಾಡಿದ್ದರು. ಅದರ ಹಿಂದಿನ ದಿನ ಬೆಳಿಗ್ಗೆ ನಾನು ಗಡಹಿಂಗ್ಲಜದಲ್ಲಿದ್ದೆ. ಗೇಟಿಗೆ ಒರಗಿ ಕುಳಿತವರಲ್ಲಿ ಬೀರಪ್ಪನ ತಮ್ಮ ಮಾಳಪ್ಪನೂ ಇದ್ದ, ಅದೇ ಗೋದಾಮಿನ ಹಮಾಲ. ಕಂಬಳಿಯ ಕೊಪ್ಪೆ ಹಾಕಿಕೊಂಡು ಮಳೆಯಲ್ಲಿಯೇ ಶೇಂಗಾ ತಿನ್ನುತ್ತಿದ್ದ.

“ಸಾಹೇಬ್ರ, ನೀವು ಮಾತಾಡ್ರಿ, ನಾವು ಕೇಳತೇವಿ. ಕೂಡಾಕ ಹ್ಯಾಂಗೂ ಕುಂತೇವಿ,” ಎಂದ.

“ನಾನು ಈಗ ಕೊಲ್ಹಾಪುರಕ್ಕ ಹೋಗತೇನಿ. ಚೇರಮನ್ ಸಾಹೇಬರನ್ನ ಒಪ್ಪಸತೇನಿ. ಮುಚ್ಚಳದ ಮಾತುಕತಿ ಮುಗಿಯೂತನಕಾ ಗೇಟ ತೆರಿಯಂಗಿಲ್ಲ. ನೀವು ಕಲ್ಲ ಎತ್ತಬಾರದು.”

“ಎತ್ತಂಗಿಲ್ಲರಿ. ಆದ್ರ ಈ ಗೇಟ ಒಳಗ ತೆರಕೋತೈತಿ ನೋಡ್ರಿ. ಅವರು ತೆರದ್ರಂದ್ರ ನಾವೆಲ್ಲಾ ಹಿಂದಕ ಅಂಗಾತ ಬೀಳೋರು.” ಸುತ್ತಲಿನವರು ನಕ್ಕರು. ಮಾಳಪ್ಪ ಒಂದು ಮುಷ್ಟಿ ಶೇಂಗಾ ನನ್ನ ಕೈಗೆ ಹಾಕಿದ. “ಹೋಗಿ ಬರ್ರಿ. ನಿಮ್ಮ ಮಾತಿನ ಮ್ಯಾಲ ಬೆನ್ನ ಕೊಟ್ಟ ಕುಂತಿರತೇವಿ.”

ಕೊಲ್ಹಾಪುರದಲ್ಲಿ ಆ ಮಧ್ಯಾಹ್ನ ನಾನು ನನ್ನ ಬದುಕಿನ ಅತ್ಯುತ್ತಮ ವಾದ ಮಂಡಿಸಿದೆ. ಲಾರಿಗಳು ಹೊರಡುವುದು ಒಂದು ದಿನ ತಡವಾದರೆ ಆಗುವ ನಷ್ಟ, ಹೊರಟರೆ ಆಗುವ ಅನಾಹುತ, ಎರಡನ್ನೂ ಎದುರುಬದುರು ಇಟ್ಟೆ. ಚೇರಮನ್ ಸಾಹೇಬರು ಬಹಳ ಹೊತ್ತು ಅಡಿಕೆ ಕತ್ತರಿಸಿ ಕೊನೆಗೆ, “ಕಳಿಸಿ ನಿರೋಪ,” ಎಂದರು. ಅಲ್ಲಿಂದಲೇ ಕಳಿಸೋಣವೆಂದರೆ ಕರೆಂಟು ಹೋಗಿತ್ತು. ಗಡಹಿಂಗ್ಲಜದ ಹಿರಣ್ಯಕೇಶಿ ಹೊಳೆ ಸೇತುವೆಯ ಮಟ್ಟಕ್ಕೆ ಏರಿದೆ, ಬಸ್ಸುಗಳನ್ನು ನಿಲ್ಲಿಸಿದ್ದಾರೆ ಎಂಬ ಸುದ್ದಿ ಬಂತು. ಸಿಕ್ಕ ಜೀಪು ಹತ್ತಿ ನಾನು ಸಂಜೆಗೆ ಇಚಲಕರಂಜಿ ಸೇರಿದೆ.

ಸುನಂದಾ ಮನೆಗೆ ಹೊರಡುತ್ತಿದ್ದವಳು ಚೀಲ ಕೆಳಗಿಟ್ಟು ಕುಳಿತಳು. ನಾನು ಹೇಳಿದೆ, ಅವಳು ಹೊಡೆದಳು: ‘ಚೇರಮನ್ ಸಾಹೇಬಾಂಚಾ ಹುಕೂಮ. ಉದ್ಯಾ ಸಕಾಳೀ ಗೇಟ ಉಘಡೂ’. ಅಲ್ಲಿಗೆ ಸಾಲು ತುಂಬಿತು. ಅವಳು ಅದನ್ನು ಉಳಿಸಿ, ಮುಂದಿನ ಸಾಲಿನಲ್ಲಿ ‘ನಕಾ’ ಎಂದು ಹೊಡೆದಳು.

ಮರಾಠಿ ಬಾರದ ಓದುಗರಿಗಾಗಿ ಇಲ್ಲಿ ಒಂದು ಮಾತು ಹೇಳಬೇಕು. ‘ಗೇಟ ಉಘಡೂ ನಕಾ’ ಎಂದರೆ ಗೇಟು ತೆರೆಯಬೇಡಿ. ನಮ್ಮ ಕನ್ನಡದ ಹಾಗೆಯೇ ಅಲ್ಲಿಯೂ ‘ಬೇಡ’ ಎಂಬುದು ಕಟ್ಟಕಡೆಗೆ ಬರುತ್ತದೆ. ಆದರೆ ಕನ್ನಡದಲ್ಲಿ ‘ಬೇಡಿ’ಯನ್ನು ಕಿತ್ತರೆ ವಾಕ್ಯ ಕುಂಟುತ್ತದೆ; ಓದಿದವನಿಗೆ ಏನೋ ಬಿಟ್ಟುಹೋಗಿದೆ ಎಂದು ತಿಳಿಯುತ್ತದೆ. ಮರಾಠಿಯ ‘ನಕಾ’ ಕಿತ್ತರೆ ವಾಕ್ಯ ಕುಂಟುವುದಿಲ್ಲ. ‘ಉದ್ಯಾ ಸಕಾಳೀ ಗೇಟ ಉಘಡೂ’ ಎಂದರೆ: ನಾಳೆ ಬೆಳಿಗ್ಗೆ ಗೇಟು ತೆರೆಯೋಣ.

ಅವಸರದಲ್ಲಿ ಅವಳಿಂದ ಒಂದು ಅಕ್ಷರ ಹೆಚ್ಚು ಬಿತ್ತು. ಅಳಿಸಲು ಬೆರಳು ತಾನಾಗಿ ಮೂಲೆಯ ಕೀಲಿಗೆ ಹೋಯಿತು. ಹಳೆಯ ಕೀಲಿಮಣೆಯಲ್ಲಿ ಅಕ್ಷರ ಅಳಿಸುವ ಕೀಲಿ ಇದ್ದದ್ದು ಅಲ್ಲಿಯೇ. ಹೊಸದರಲ್ಲಿ ಆ ಜಾಗದಲ್ಲಿದ್ದ ಕೀಲಿಯ ಮೇಲೆ ‘ಡೆಲ್’ ಎಂದು ಬರೆದಿತ್ತು. ಇಂಗ್ಲಿಷ್ ಬಲ್ಲ ಯಾರಿಗಾದರೂ ಅದರ ಅರ್ಥ ಅಳಿಸು ಎಂದೇ.

“ಸರ್, ಈ ಹೊಸಾ ಡಬ್ಬಿ ಅಕ್ಷರಾ ನುಂಗಾಕತ್ತೇತ್ರಿ,” ಎಂದಳು. ನಾನು ಬಗ್ಗಿ ನೋಡಿದೆ. ಬರಹದ ನಡುವೆ ಎಲ್ಲಿಂದಲೋ ಒಂದು ಡಾಲರ್ ಚಿಹ್ನೆ ಬಂದು ಕುಳಿತಿತ್ತು. ಅವಳು ಮತ್ತೆ ‘ನಕಾ’ ಹೊಡೆದರೆ ಸ್ವರ ಮಾತ್ರ ಮೂಡಿತು, ವ್ಯಂಜನ ಮಾಯವಾಯಿತು. “ಮಳಿಗೆ ತಂತಿ ತೊಯ್ದಿರಬೇಕು, ಬಿಡಬ್ಯಾಡ್ರಿ,” ಎಂದೆ. ಅವಳು ಬಿಡಲಿಲ್ಲ. ಹೊಡೆದು ಹೊಡೆದು ಪರದೆಯ ಮೇಲೆ ‘ನಕಾ’ ಎಂಬುದನ್ನು ಪೂರ್ತಿಯಾಗಿ ನಿಲ್ಲಿಸಿ, ಲಾರಿಗಳನ್ನು ಒಳಗೇ ಇಡಿ ಎಂಬ ಸಾಲನ್ನೂ ಸೇರಿಸಿ, ಉಳಿಸಿ ಮುಗಿಸಿದಳು. ನನ್ನ ಕಣ್ಣಾರೆ ನಾನು ಆ ಶಬ್ದವನ್ನು ಓದಿದೆ. ಅದಾದ ಮೇಲೆ ಟೆಲಿಫೋನ್ ಎತ್ತಿದರೆ ಗಡಹಿಂಗ್ಲಜದ ತಂತಿ ಸತ್ತಿತ್ತು.

ಬೆಳಗಾಗುವಾಗ ಗಡಹಿಂಗ್ಲಜದ ಗೋದಾಮಿನ ಗೇಟು ತೆರೆಯಿತು. ಅದನ್ನು ನಾನು ನೋಡಲಿಲ್ಲ. ನೋಡಿದವರು ಹೇಳಿದ್ದನ್ನು ಬರೆಯುತ್ತಿದ್ದೇನೆ. ಲಾರಿಗಳ ಎಂಜಿನ್ ಶುರುವಾದ ಸದ್ದು ಮಳೆಯಲ್ಲಿ ಹೊರಗಿನವರಿಗೆ ಸ್ಪಷ್ಟವಾಗಿ ಕೇಳಿಸಲಿಲ್ಲ. ಗೇಟಿನ ಎರಡು ಬಾಗಿಲುಗಳನ್ನೂ ಒಳಗಿನಿಂದ ಒಟ್ಟಿಗೆ ಎಳೆದರು. ಒರಗಿ ನಿದ್ದೆಗೆ ಜಾರಿದ್ದವರು ಸಾಲಾಗಿ ಹಿಂದಕ್ಕೆ ಬಿದ್ದರು. ಮುಂದಿನ ಲಾರಿ ಆಗಲೇ ಉರುಳುತ್ತಿತ್ತು. ಉಳಿದವರು ಹೊರಳಿಕೊಂಡರು, ಮಾಳಪ್ಪ ಕಂಬಳಿಯಲ್ಲಿ ಸಿಕ್ಕಿಕೊಂಡಿದ್ದ. ಗಾಲಿ ಅವನ ಎದೆಯನ್ನು ಹತ್ತಿ, ನಿಂತು, ಚಾಲಕ ಗಾಬರಿಯಿಂದ ಹಿಂದಕ್ಕೆ ತೆಗೆದಾಗ ಮತ್ತೊಮ್ಮೆ ಹತ್ತಿತು.

ಆಮೇಲೆ ಅಲ್ಲಿ ನಡೆದದ್ದಕ್ಕೆ ಕ್ರಮವಿಲ್ಲ. ಚಾಲಕನನ್ನು ಬಾಗಿಲಿನಿಂದ ಎಳೆದು ಅವನ ತೋಳನ್ನು ಅದೇ ಬಾಗಿಲಿಗೆ ಕೊಟ್ಟು ಮುರಿದರು. ಗೋದಾಮಿನ ವ್ಯವಸ್ಥಾಪಕ ವಸಂತರಾವ್ ಓಡುವಾಗ ಇಟ್ಟಿಗೆ ಬಿದ್ದು ತಲೆ ಬಿಚ್ಚಿತು. ಬಿದ್ದಲ್ಲಿಯೇ ಅವರನ್ನು ತುಳಿದರು. ಲಾರಿಗಳಿಗೆ ಬೆಂಕಿ ಇಟ್ಟರು. ಪೊಲೀಸರ ಲಾಠಿ ಹೆಂಗಸರು, ಮುದುಕರು ಎಂದು ನೋಡಲಿಲ್ಲ. ನೂಲು ಉರಿಯಿತು, ಮಳೆ ಸುರಿಯಿತು. ಮರುದಿನ ಸೇತುವೆ ತೆರೆದ ಕೂಡಲೇ ನಾನು ಅಲ್ಲಿಗೆ ಹೋದಾಗ ಆ ವಾಸನೆ ಊರನ್ನೆಲ್ಲ ಹಿಡಿದಿತ್ತು. ಮಾಳಪ್ಪನ ಮನೆಯ ಬಾಗಿಲಲ್ಲಿ ಹೆಂಗಸರು ನನ್ನನ್ನು ನೋಡಿ ಅಳುವುದನ್ನು ನಿಲ್ಲಿಸಿದರು. ಅದಕ್ಕಿಂತ ಅವರು ಕಲ್ಲು ಎತ್ತಿದ್ದರೆ ನಾನು ತಾಳಿಕೊಳ್ಳುತ್ತಿದ್ದೆ.

ನಾನು ಮರಳುವಷ್ಟರಲ್ಲಿ ಇಚಲಕರಂಜಿಯಲ್ಲಿ ತೀರ್ಪು ಆಗಿಹೋಗಿತ್ತು. ವಸಂತರಾವ್ ಆಸ್ಪತ್ರೆಯ ಹಾಸಿಗೆಯಿಂದಲೇ, “ನನಗೆ ಬಂದ ಕಾಗದದಲ್ಲಿ ‘ಉಘಡೂ’ ಎಂದೇ ಇತ್ತು,” ಎಂದು ಹೇಳಿಕೆ ಕೊಟ್ಟಿದ್ದರು. ಚೇರಮನ್ ಸಾಹೇಬರು, ತಮ್ಮ ಹುಕುಮನ್ನು ತಿರುಚಿದವಳು ಟೈಪಿಸ್ಟ್ ಎಂದು ಗೇಟಿನ ಫಲಕದಲ್ಲಿ ಹಾಕಿಸಿಬಿಟ್ಟರು. ಸುನಂದಾಳ ಅಕ್ಕನ ಗಂಡ ನೂಲಿನ ವ್ಯಾಪಾರಿ; ಲಾರಿ ಹೊರಟರೆ ಲಾಭ ಅವನಂಥವರಿಗೆ ಎಂದು ಓಣಿಗಳೇ ಲೆಕ್ಕ ಹಾಕಿದವು. ದತ್ತವಾಡಕ್ಕೆ ಹೋಗಿಬಿಡಿ ಎಂದು ನಾನು ಅವಳಿಗೆ ಹೇಳಿದೆ.

“ಓಡಿ ಹೋದ್ರ ನಾನಽ ಮಾಡೇನಿ ಅಂದಂಗ ಆಕ್ಕೇತಿ, ಸರ್. ನಾ ನಕಾ ಅಂತ ಹೊಡದೇನಿ. ನೀವಽ ನೋಡೀರಿ,” ಎಂದಳು. ಮರುದಿನ ಬೆಳಿಗ್ಗೆ ಎಂದಿನಂತೆ ಬಂದು ತನ್ನ ಕುರ್ಚಿಯಲ್ಲಿ ಕುಳಿತಳು. ಹಿಂದೆಯೇ ಗುಂಪು ಬಂತು.

ಗಿರಣಿಯ ಅಂಗಳ ತುಂಬಿ, ರಸ್ತೆ ತುಂಬಿ, ಆಚೆಯ ಮಗ್ಗದ ಶೆಡ್ಡುಗಳವರೆಗೂ ಜನ. ಕಲ್ಲುಗಳು ಕಚೇರಿಯ ತಗಡಿನ ಮೇಲೆ ಬೀಳತೊಡಗಿದವು. ಕಾವಲಿನವರು ಹಿಂಬಾಗಿಲಿನಿಂದ ಹೋಗಿಬಿಟ್ಟರು. ನಾನು ಮೆಟ್ಟಿಲ ಮೇಲೆ ನಿಂತು, “ಬಂಧುಗಳೇ,” ಎಂದೆ. ಒಂದು ಹಸಿ ಸಗಣಿಯ ಉಂಡೆ ನನ್ನ ಬಾಯಿಗೇ ಬಿತ್ತು. ನಕ್ಕರು. ಆ ನಗೆಯ ನಡುವಿನಿಂದ ಬೀರಪ್ಪ ಒಬ್ಬನೇ ನಡೆದು ಬಂದ. ಎಡಗೈಯಲ್ಲಿ ಕಬ್ಬು ಕಡಿಯುವ ಕೊಯಿತಾ. ನನ್ನನ್ನು ಭುಜದಿಂದ ತಳ್ಳಿ ಒಳಗೆ ಹೋಗಿ, ಹಿಂದೆಯೇ ಒಳಬಂದ ನನಗೆ ಬಾಗಿಲಿಗೆ ಚಿಲಕ ಹಾಕುವಷ್ಟೇ ಅವಕಾಶ ಕೊಟ್ಟು, ಮೇಜಿನ ಮೇಲೆ ಒಂದು ಕಾಗದ ಬಡಿದ. ವಸಂತರಾವ್ ಅವರ ಕಿಸೆಯಿಂದ ಕಿತ್ತದ್ದು. ಅಂಚಿನಲ್ಲಿ ರಕ್ತ ಒಣಗಿತ್ತು.

“ಓದ್ರಿ, ಭಾಷಣ ಸಾಹೇಬ್ರ.”

ಓದಿದೆ. ‘ಉದ್ಯಾ ಸಕಾಳೀ ಗೇಟ ಉಘಡೂ’. ಅಷ್ಟಕ್ಕೇ ಮುಗಿದಿತ್ತು.

“ಇದರಾಗ ಒಂದು ಶಬ್ದ ಇಲ್ಲ, ಬೀರಪ್ಪ.”

“ಅದಽ ಶಬ್ದ ಹುಡಕಾಕ ಬಂದೇನಿ. ಏ ಬಾಯಿ, ಎಲ್ಲೈತಿ ಅದು? ಯಾರಿಗೆ ಮಾರಿದಿ?”

“ಮಾರಿಲ್ಲರಿ. ಹೊಡದೇನಿ.” ಸುನಂದಾ ಎದ್ದು ನಿಲ್ಲಲಿಲ್ಲ.

“ಹೊಡದಿದ್ರ ಇಲ್ಲಿ ಇರಬೇಕಲ್ಲ? ತೋರಸು!” ಕೊಯಿತಾದ ಬೆನ್ನು ಮೇಜಿನ ಮೇಲೆ ಬಿತ್ತು. ಚಹದ ಬಟ್ಟಲು ಉರುಳಿತು.

ಎದುರಾಳಿಯ ಕೈಯಲ್ಲಿ ಕೊಯಿತಾ ಇರುವ ಚರ್ಚೆಗೆ ನನ್ನನ್ನು ಯಾರೂ ಸಿದ್ಧಪಡಿಸಿರಲಿಲ್ಲ. ಆದರೂ ಬಾಯಿಗೆ ಬಂದದ್ದು ಚರ್ಚೆಯ ಮಾತೇ. “ಬೀರಪ್ಪ, ಆ ಸಂಜೀ ಏನೇನ ಮಾಡಿದ್ಲೋ ಅದನ್ನ ನಿಮ್ಮ ಮುಂದ ಮತ್ತ ಮಾಡಲಿ. ಗಡಹಿಂಗ್ಲಜದ ಬದಲಿ ನಮ್ಮದಽ ಹೆಸರು ಹಾಕಿದ್ರ ಬಾಜೂ ಖೋಲಿ ಮುದ್ರಕದಾಗ ಕಾಗದ ಬರತೈತಿ. ಅದನ್ನ ನೋಡಿ, ಆಮ್ಯಾಲ ನಿಮ್ಮ ಮನಸ್ಸಿಗೆ ಬಂದದ್ದು ಮಾಡ್ರಿ.” ಹೇಳಿದ ಮೇಲೆ ಸುನಂದಾ ನನ್ನತ್ತ ನೋಡಿದಳು. ಆ ವಾಕ್ಯದಲ್ಲಿ ಪಣಕ್ಕಿಟ್ಟ ಕುತ್ತಿಗೆ ನನ್ನದಾಗಿರಲಿಲ್ಲ.

ಅವಳು ಹೊಡೆದಳು. ಒಂದು ಸಾಲು, ಉಳಿಸಿದಳು, ‘ನಕಾ’, ಮುಗಿಸಿದಳು. ಪಕ್ಕದ ಕೋಣೆಯಲ್ಲಿ ಮುದ್ರಕ ಕಿರುಗುಟ್ಟಿತು. ನಾನು ಕಾಗದ ತಂದೆ. ಎಲ್ಲ ಇತ್ತು. ‘ನಕಾ’ ಸಹಿತ ಎಲ್ಲವೂ ಇತ್ತು.

ಬೀರಪ್ಪ ಎರಡು ಕಾಗದಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದ. ಇಂಗ್ಲಿಷ್ ಅಕ್ಷರ ಅವನಿಗೆ ಬಾರದು. ಆದರೆ ಒಂದು ಉದ್ದ, ಒಂದು ಗಿಡ್ಡ ಎಂಬುದನ್ನು ನೋಡಲು ಅಕ್ಷರ ಬೇಕಿಲ್ಲ. “ಅಂದ್ರ ಮಷೀನ್ ನೆಟ್ಟಗ ಐತಿ,” ಎಂದ, ಬಹಳ ಮೆಲ್ಲಗೆ. “ನೀನಽ ಕಳ್ಳಿ.” ಅವಳ ಜಡೆಗೆ ಕೈ ಹಾಕಿ ತಲೆಯನ್ನು ಹಿಂದಕ್ಕೆ ಎಳೆದ.

“ತಡೀರಿ!” ನನ್ನ ದನಿ ನನಗೇ ಹೆಂಗಸಿನ ದನಿಯಂತೆ ಕೇಳಿತು. “ಸುನಂದಾ, ಅವತ್ತ ನೀವು ತಪ್ಪ ಹೊಡದಿದ್ರಿ. ಇವತ್ತ ಹೊಡೀಲಿಲ್ಲ.”

ಕುತ್ತಿಗೆ ಹಿಂದಕ್ಕೆ ಬಗ್ಗಿದ್ದಂತೆಯೇ ಅವಳು, “ಹೌದ್ರಿ, ಒಂದಕ್ಷರ ಹೆಚ್ಚಾಗಿತ್ತು, ಅಳಸಿದ್ನಿ,” ಎಂದಳು.

“ಆ ತಪ್ಪನ್ನೂ ಮಾಡ್ರಿ. ಅಳಸೂದನ್ನೂ ಮಾಡ್ರಿ. ಬೀರಪ್ಪ, ಕೈ ಬಿಡ್ರಿ, ಆಕಿಗೆ ಕೀಲಿ ಕಾಣವಲ್ದು.”

ಏಕೆ ಬಿಟ್ಟನೋ, ಬಿಟ್ಟ. ಕಿಟಕಿಯ ಉಳಿದ ಗಾಜಿಗೆ ಕಲ್ಲು ಬಿದ್ದು ಚೂರುಗಳು ಕೀಲಿಮಣೆಯ ಮೇಲೆ ಉದುರಿದವು. ಅವನ್ನು ಸೆರಗಿನಿಂದ ಸರಿಸಿ ಅವಳು ಮತ್ತೆ ಮೊದಲಿನಿಂದ ಹೊಡೆದಳು. ಸಾಲು ಮುಗಿಯಿತು, ಉಳಿಸಿದಳು. ಒಂದು ಅಕ್ಷರ ಹೆಚ್ಚು ಹೊಡೆದಳು. ಮೂಲೆಯ ‘ಡೆಲ್’ ಕೀಲಿಯನ್ನು ಒತ್ತಿದಳು.

ಪಕ್ಕದ ಕೋಣೆಯ ಮುದ್ರಕ ಕಿರುಗುಟ್ಟಿತು.

ಅವಳ ಮುಂದೆ ಪರದೆಯಲ್ಲಿ ಬರಹ ಇನ್ನೂ ತೆರೆದೇ ಇತ್ತು. ಅವಳ ಬೆರಳು ಕೀಲಿಗಳ ಮೇಲೆಯೇ ಇದ್ದವು. ಅವಳು ಬರೆದು ಮುಗಿಸಿರಲಿಲ್ಲ; ಸಂದೇಶ ಆಗಲೇ ಹೊರಟುಹೋಗಿತ್ತು. ನಾನು ತಂದ ಕಾಗದ ‘ಉಘಡೂ’ಗೆ ಮುಗಿದಿತ್ತು. ಬೀರಪ್ಪ ಅದನ್ನು ರಕ್ತದ ಕಾಗದದ ಮೇಲೆ ಇಟ್ಟ. ಎರಡೂ ಒಂದೇ ಉದ್ದ.

“ಮತ್ತ ಮಾಡು,” ಎಂದ. ಮಾಡಿದಳು. “ಸರಿ, ನಾ ಒತ್ತತೇನಿ.” ಅವಳು ಸಾಲನ್ನು ಹೊಡೆದುಕೊಟ್ಟಳು. ಅವನು ಬಲಗೈಯ ಮೋಟು ಬೆರಳನ್ನು ಆ ಕೀಲಿಯ ಮೇಲೆ ಊರಿದ. ಪಕ್ಕದ ಕೋಣೆ ಮತ್ತೆ ಕಿರುಗುಟ್ಟಿತು. ಅವನು ಕೈಯನ್ನು ಕೆಂಡ ಮುಟ್ಟಿದವನಂತೆ ಹಿಂದಕ್ಕೆ ಎಳೆದುಕೊಂಡ.

“ಅಂದ್ರ ನಮ್ಮ ಮಾಳ್ಯಾ ಸತ್ತಿದ್ದು ಇದಕ್ಕ? ಇಷ್ಟ ಒತ್ತಿದ್ದಕ್ಕ?”

“ಹೌದ್ರಿ ಅಣ್ಣಾ,” ಎಂದಳು ಸುನಂದಾ. “ನನ್ನ ಬೆರಳಽ ಒತ್ತೈತಿ. ಆದ್ರ ನಾ ಕೊಂದಿಲ್ಲರಿ.”

ನಾನು ಕೇಳಿದೆ, “ನಿಮ್ಮ ಬೆರಳ ಹೋದಾಗ ಚೇರಮನ್ ಸಾಹೇಬರು ಏನಂದಿದ್ರು,  ಬೀರಪ್ಪ?”

ಅವನು ಗೋಡೆಗೆ ಹಣೆ ಹಚ್ಚಿ, ಒಮ್ಮೆ, ಮತ್ತೊಮ್ಮೆ ಬಡಿದುಕೊಂಡ. ಸುಣ್ಣ ಉದುರಿತು. “ಕೈ ಅದರ ಹತ್ರ ಹೋತು ಅಂದಿದ್ರು,” ಎಂದ.

ಒಳಗೆ ಏನಾಗಿತ್ತು ಎಂಬುದನ್ನು ತಿಂಗಳ ಬಳಿಕ ಪುಣೆಯಿಂದ ಬಂದ ಎಂಜಿನಿಯರ್ ಬಿಡಿಸಿ ಹೇಳಿದ. ‘ಡೆಲ್’ ಎಂಬುದು ಆ ವ್ಯವಸ್ಥೆಯಲ್ಲಿ ಅಳಿಸುವ ಕೀಲಿಯೇ ಅಲ್ಲ. ‘ನಿಲ್ಲು’ ಎಂಬ ಸಂಕೇತವನ್ನು ಕಳಿಸುವ ಕೀಲಿ. ಆ ಸಂಕೇತ ಪರದೆಯ ಮೇಲಿರುವ ಪ್ರೋಗ್ರಾಂ ಒಂದಕ್ಕೇ ಹೋಗುವುದಿಲ್ಲ. ಆ ಕೀಲಿಮಣೆಯನ್ನು ನಂಬಿ ನಡೆಯುತ್ತಿರುವ ಎಲ್ಲಕ್ಕೂ ಒಟ್ಟಿಗೆ ಹೋಗುತ್ತದೆ. ಸಂಪಾದಕ ಅದನ್ನು ಕೇಳಿಯೂ ಸಾಯದೆ, ಒಂದು ಕ್ಷಣ ಕೈ ತಡೆದು ಮುಂದುವರಿಯುತ್ತದೆ, ಅದನ್ನು ಹಾಗೆ ಕಟ್ಟಲಾಗಿದೆ. ಹಿಂದೆ ಕಾಯುತ್ತಿದ್ದ ‘ನಿರೋಪ’ಕ್ಕೆ ಮಾತ್ರ ಬೇರೆ ಪಾಠ ಹೇಳಿಕೊಟ್ಟಿದ್ದರು. ನಮ್ಮ ಕಡೆ ತಂತಿ ಪದೇ ಪದೇ ಕಡಿಯುತ್ತದೆಂದು, ಯಾವ ಅಡ್ಡಿ ಬಂದರೂ ಅದುವರೆಗೆ ಉಳಿಸಿದ್ದಷ್ಟನ್ನು ಕೂಡಲೇ ಕಳಿಸಿ ಮುಗಿದುಹೋಗು ಎಂದು. ಅದು ಹಾಗೆಯೇ ಮಾಡಿತು; ಆಮೇಲೆ ಅವಳು ಮುಗಿಸಿದ ಬರಹವನ್ನು ಒಯ್ಯಲು ಅದು ಇರಲೇ ಇಲ್ಲ. ಅದು ಮುಗಿದ ಮೇಲೆ ಅದರ ಹಿಂದಿದ್ದ ಆಜ್ಞೆ ಕೇಳುವ ಪ್ರೋಗ್ರಾಂ ತನ್ನ ಸರದಿ ಬಂತೆಂದು ಎದ್ದು ಡಾಲರ್ ಚಿಹ್ನೆ ತೋರಿಸಿತು. ಆಮೇಲೆ ಒಂದೇ ಕೀಲಿಮಣೆಗೆ ಇಬ್ಬರು ಒಡೆಯರು: ಸುನಂದಾ ಹೊಡೆದ ಒಂದು ಅಕ್ಷರ ಇವನಿಗೆ, ಒಂದು ಅಕ್ಷರ ಅವನಿಗೆ. “ಸಂಪಾದಕನನ್ನು ಕರೆದ ಮೇಲೆ ಕರೆದವನು ಕಿವಿ ಮುಚ್ಚಿಕೊಂಡಿರಬೇಕು. ಅದನ್ನು ಬರೆಯಲು ಒಂದೇ ಸಾಲು ಸಾಕಿತ್ತು,” ಎಂದು ಆತ ತಲೆ ತಗ್ಗಿಸಿದ. ವಿಚಾರಣೆಯ ವರದಿಯಲ್ಲಿ ನನ್ನ ಮಂಡನೆಗೆ ಎರಡು ಪುಟ ಕೊಟ್ಟು, ಕೊನೆಗೆ ‘ನಡೆಸುವವರ ಕೈತಪ್ಪು’ ಎಂದೇ ಬರೆದರು. ಆ ಎರಡು ಶಬ್ದಗಳ ವಿರುದ್ಧ ನಾನು ಉಳಿದ ನೌಕರಿಯುದ್ದಕ್ಕೂ ಜಗಳವಾಡಿದೆ. ಕಾರ್ಡಿಂಗ್ ಯಂತ್ರಗಳಿಗೆ ಮುಚ್ಚಳ ಬಂದದ್ದು ಮಾತಿನಿಂದಲ್ಲ, ಮುಷ್ಕರದಿಂದ.

ಅದೆಲ್ಲ ಆಮೇಲಿನದು. ಆ ಬೆಳಿಗ್ಗೆ ಬೀರಪ್ಪ ಬಾಗಿಲ ಚಿಲಕ ತೆಗೆದ. “ಅಕ್ಕಾರ, ನೀವು ನನ್ನ ಹಿಂದ ಬರ್ರಿ. ಬಸ್ಸಿಗೆ ಹತ್ತಸತೇನಿ,” ಎಂದ. ‘ಏ ಬಾಯಿ’ ಎಂದು ಒರಟಾಗಿ ಕರೆದಿದ್ದವನು ‘ಅಕ್ಕಾರ’ ಎಂದದ್ದನ್ನು ಅವಳು ಗಮನಿಸಿದಳೋ ಇಲ್ಲವೋ, ನಾನು ಗಮನಿಸಿದೆ. ಆ ಒಂದು ಶಬ್ದವನ್ನು ನನ್ನ ಗೆಲುವೆಂದು ಎಣಿಸಿದೆ. ಅವನು ಮೆಟ್ಟಿಲ ಮೇಲೆ ನಿಂತು ಕೂಗಿದ: “ಈಕಿ ನಕಾ ಅಂತ ಬರದಿದ್ಲು! ನಾ ನೋಡೇನಿ! ಮಷೀನ್ ತಿಂದೈತಿ!” ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿದರು, ದಾರಿ ಬಿಟ್ಟರು. ಅವರು ಹಿಂದಿನವರಿಗೆ ಹೇಳತೊಡಗಿದರು, ಆ ಸಾಲಿನವರು ಅವರ ಹಿಂದಿನವರಿಗೆ. ಮಾತು ಮಳೆಯಲ್ಲಿ, ಗದ್ದಲದಲ್ಲಿ, ಬಾಯಿಂದ ಬಾಯಿಗೆ ಹೋಗುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು. ಅದು ರಸ್ತೆಯ ಅಂಚನ್ನು ಇನ್ನೂ ಮುಟ್ಟಿರಲಿಲ್ಲ. ಅಲ್ಲಿ ನಿಂತವರಿಗೆ ಕಂಡದ್ದು ಇಷ್ಟೇ: ಟೈಪಿಸ್ಟ್ ಹೊರಗೆ ಬಂದಿದ್ದಾಳೆ.

ಕಲ್ಲು ಎಲ್ಲರ ತಲೆಯ ಮೇಲಿಂದ ಬಂತು. ಸುನಂದಾಳ ಎಡಗಣ್ಣಿಗೆ ಬಿದ್ದ ಸದ್ದು, ಎಳೆಯ ಸೌತೆಕಾಯಿ ಮುರಿದಷ್ಟು ಸಣ್ಣದು. ಅವಳು ಮಂಡಿಯೂರಿ ಕುಳಿತಳು. ಬೆರಳ ಸಂದಿಯಿಂದ ರಕ್ತದ ಜೊತೆಗೆ ಬೇರೇನೋ ಇಳಿಯುತ್ತಿತ್ತು.

ಬೀರಪ್ಪ ಅವಳಿಗೆ ಅಡ್ಡ ನಿಂತು ಕೊಯಿತಾ ಎತ್ತಿದ. “ಒಗದಾಂವ ಯಾಂವಲೇ? ಮುಂದ ಬಾರಲೇ! ತುಂಡ ತುಂಡ ಕಡೀತೇನಿ!” ಅವನ ಮುಂದಿದ್ದವರೆಲ್ಲ ಅವನ ಜೊತೆಯ ಕಾರ್ಮಿಕರು, ಅವನ ಬೆರಳಿಗಾಗಿ ಮನೆಯ ಒಲೆ ಆರಿಸಿಕೊಂಡವರು. ಅವನು ಮೊದಲು ಎದುರಾದವನ ಕುತ್ತಿಗೆಪಟ್ಟಿ ಹಿಡಿದ. ಆ ಮನುಷ್ಯ ಕಲ್ಲು ಎಸೆದವನಲ್ಲ, ದಾರಿ ಬಿಟ್ಟವನು. ನಾನು ನನ್ನೊಳಗೆಲ್ಲ ಹುಡುಕಿದೆ. ಹೇಳಲು ಒಂದು ವಾಕ್ಯವೂ ಸಿಗಲಿಲ್ಲ.

ಸುನಂದಾ ಒಂದು ಕೈಯನ್ನು ಕಣ್ಣಿನ ಮೇಲೆಯೇ ಇಟ್ಟುಕೊಂಡು ಇನ್ನೊಂದರಿಂದ ಅವನ ಧೋತರದ ಅಂಚನ್ನು ಜಗ್ಗಿದಳು.

“ಅಣ್ಣಾ, ಅದನ್ನ ಕೆಳಗ ಇಡ್ರಿ. ಒಗದಾಂವಗ ಇನ್ನಾ ಗೊತ್ತಾಗಿಲ್ಲರಿ.”

ಬೀರಪ್ಪನ ತೋಳು ಮೇಲೆಯೇ ನಿಂತಿತು. ಮಳೆ ಕೊಯಿತಾದ ಅಲಗಿನಿಂದ ಇಳಿದು ಅವನ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ಅವನು ಹಿಡಿದ ಕುತ್ತಿಗೆಪಟ್ಟಿಯನ್ನು ಬಿಟ್ಟ. ಕೊಯಿತಾವನ್ನು ಕೆಸರಿನಲ್ಲಿ ಎಸೆದ. ಬಗ್ಗಿ, ಅವಳನ್ನು ಎರಡು ಕೈಯಲ್ಲಿ ಎತ್ತಿಕೊಂಡು, ದವಾಖಾನೆಯ ಕಡೆಗೆ, ಆ ಜನರ ನಡುವಿನಿಂದಲೇ ನಡೆಯತೊಡಗಿದ.